ಅಜ್ಜಿಯ ಹಿಡಿ

ಸಂಕ್ರಾಂತಿಯ ಹಿಂದಿನ ರಾತ್ರಿ ನಮ್ಮ ನಡುಮನೆಯಲ್ಲಿ ಓಡಾಡುವವರು ಹುಷಾರಾಗಿರಬೇಕು. ಯಾವ ಮೂಲೆಯಿಂದ ಅವರೆಬೇಳೆ ಹಾರಿಬಂದು ಕಣ್ಣಿಗೆ ಬಡಿಯುತ್ತದೋ ಹೇಳಲಾಗದು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಪಳಗಿದವರ ಬೇಳೆ ಪಾತ್ರೆಗೆ ಬೀಳುತ್ತದೆ. ನನ್ನದು ಟೀವಿಗೆ.

ನಾವು ಕೆಂಪಾಪುರದ ಹಳಬರು. ಕಾಫಿ ಬೋರ್ಡ್ ಲೇಔಟು, ಹೊರವರ್ತುಲ ರಸ್ತೆ, ಹೆಬ್ಬಾಳದ ಫ್ಲೈಓವರು ಎಲ್ಲ ನಮ್ಮ ಕಣ್ಣೆದುರೇ ಬಂದವು. ಅದಕ್ಕೂ ಮುಂಚೆ ಮನೆ ಹಿಂದೆ ರಾಗಿ ಹೊಲವಿತ್ತು, ರಾಗಿಯ ನಡುವೆ ಅಕ್ಕಡಿ ಸಾಲಲ್ಲಿ ಅವರೆ. ಈಗ ಅದೇ ಜಾಗದಲ್ಲಿ ನಾಲ್ಕು ಮಹಡಿಯ ಪೀಜಿ ಎದ್ದಿದೆ. ಅಲ್ಲೀಗ ಬಾಡಿಗೆ ಬೆಳೆಯುತ್ತೇವೆ. ಮಳೆ ಬರಲಿ ಬಿಡಲಿ, ಇಳುವರಿಗೆ ಮೋಸವಿಲ್ಲ. ಅವರೆಕಾಯಿಯನ್ನು ಮಾತ್ರ ತಳ್ಳುಗಾಡಿಯವನ ಹತ್ತಿರ ಚೌಕಾಸಿ ಮಾಡಿ ತರಬೇಕು.

ತರುವಾಗ ಮೂಸಿ ನೋಡುವುದು ಕಡ್ಡಾಯ. ಇಬ್ಬನಿ ಕಾಲದ ಅವರೆಗೆ ಸೊಗಡು ಇರುತ್ತದೆ. ಕಾಯಿ ಮುಟ್ಟಿದರೆ ಕೈಗೆ ಎಣ್ಣೆಯಂಥ ಜಿಡ್ಡು ಅಂಟಬೇಕು, ಸೋಪಿನಿಂದ ತೊಳೆದರೂ ವಾಸನೆ ಹೋಗಬಾರದು. ನಾಟಿ ಅವರೆ ಹಗಲು ಚಿಕ್ಕದಾಗುವವರೆಗೂ ಹೂ ಬಿಡುವುದಿಲ್ಲ, ಅದರ ಹಟ ಅದಕ್ಕೆ. ನಮ್ಮ ಪಕ್ಕದ ಜಿಕೆವಿಕೆಯ ಕೃಷಿ ವಿಜ್ಞಾನಿಗಳು ಆ ಹಟ ಬಿಡಿಸಿ, ಹಗಲು ಉದ್ದವೋ ಗಿಡ್ಡವೋ ನೋಡದೆ ಹೂ ಬಿಡುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಕೊಟ್ಟಿದ್ದಾರೆ. ನಮ್ಮೂರ ಪಕ್ಕದ ಹೆಸರು ಹೊತ್ತ ಕಾಳು ಅಂತ ನಮಗೂ ಹೆಮ್ಮೆಯೇ. ಆದರೆ ಮನೆಯ ಹೆಂಗಸರು ಅದಕ್ಕೆ ಸೊಗಡು ಸಾಲದು ಎನ್ನುತ್ತಾರೆ. ಹಾಗೆನ್ನುತ್ತಲೇ ಮೇ ತಿಂಗಳಲ್ಲೂ ಅವರೆಕಾಳಿನ ಉಪ್ಪಿಟ್ಟು ಮಾಡಿ ತಿನ್ನುತ್ತೇವೆ.

ಹಬ್ಬಕ್ಕೆ ದೇವನಹಳ್ಳಿಯಿಂದ ದೊಡ್ಡತ್ತೆ, ಯಶವಂತಪುರದಿಂದ ಚಿಕ್ಕತ್ತೆ ಬರುತ್ತಾರೆ. ದೊಡ್ಡತ್ತೆ ಒಂದು ಚೀಲ ಚಕ್ಕೋತ ತರುತ್ತಾರೆ. ಚಿಕ್ಕತ್ತೆ ತಾವೇ ಹುರಿದು ಕುಟ್ಟಿದ ಸಾರಿನ ಪುಡಿ ತರುತ್ತಾರೆ. ಆ ಪುಡಿಯ ಡಬ್ಬಿ ಅಡುಗೆಮನೆಗೆ ಕಾಲಿಟ್ಟ ಕ್ಷಣದಿಂದ ಜಗಳ ಶುರು.

ಜಗಳ ಅಜ್ಜಿಯ ಸಾರಿನದು. ಅದರ ಹೆಸರಿನಲ್ಲೇ ಒಮ್ಮತವಿಲ್ಲ: ದೊಡ್ಡತ್ತೆಗೆ ಹಿದುಕಿದ ಬೇಳೆ, ಚಿಕ್ಕತ್ತೆಗೆ ಇತಕವರೆ, ನಮ್ಮಮ್ಮನಿಗೆ ಇದ್ಕಿದ್ಬೇಳೆ. ಚಕ್ಕೆ ಲವಂಗ ಎಷ್ಟು, ಗಸಗಸೆ ಉಂಟೋ ಇಲ್ಲವೋ, ಹಬ್ಬದ ದಿನ ಬೆಳ್ಳುಳ್ಳಿ ಹಾಕಬಹುದೋ ಬಾರದೋ, ಒಂದೊಂದಕ್ಕೂ ಮೂರು ಮತ. ಅತ್ತೆಯರ ವಾದ, ನಾವು ಅವಳ ಹೊಟ್ಟೇಲಿ ಹುಟ್ಟಿದೋರು. ಅಮ್ಮನ ವಾದ ಇನ್ನೂ ಗಟ್ಟಿ: "ನೀವು ಹಬ್ಬಕ್ಕೆ ಬಂದು ಉಂಡು ಹೋದೋರು. ಇಪ್ಪತ್ತೆಂಟು ವರ್ಷ ಅವರ ಪಕ್ಕ ಒಲೆ ಊದಿದೋಳು ನಾನು."

ಅಜ್ಜಿ ಯಾವುದನ್ನೂ ಬರೆದಿಡಲಿಲ್ಲ, ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಕೇಳಿದರೆ, "ಹಾಕೋದು ಒಂದು ಇಡಿ, ಅಷ್ಟೇಯ" ಅನ್ನುತ್ತಿದ್ದಳು. ತೆಂಗಿನಕಾಯಿ ಒಂದು ಹಿಡಿ, ಸಾರು ಮಂದವಾಗಲು ಹುರಿಗಡಲೆ ಒಂದು ಹಿಡಿ, ಕೊತ್ತಂಬರಿ ಸೊಪ್ಪು ಒಂದು ಹಿಡಿ. ಒರಳುಕಲ್ಲಿನ ಮುಂದೆ ಕೂತು ಗುಂಡು ತಿರುಗಿಸುವಾಗ ಅವಳ ಬೆಳ್ಳಿ ಕಡಗ ಕಲ್ಲಿಗೆ ತಾಗಿ ಠಣ್ ಠಣ್ ಎನ್ನುತ್ತಿತ್ತು. ಬೆಳಗ್ಗೆ ಹಾಸಿಗೆಯಲ್ಲಿ ಮಲಗಿದ್ದವರಿಗೆ ಆ ಸದ್ದೇ ಹಬ್ಬ.

ಈ ವರ್ಷ ಜಗಳಕ್ಕೆ ನನ್ನ ಮಗಳು ತಲೆ ಹಾಕಿದಳು. ಕೆಲಸ ಮಾನ್ಯತಾ ಟೆಕ್ ಪಾರ್ಕಿನಲ್ಲಿ, ಎಲ್ಲದಕ್ಕೂ ಲೆಕ್ಕ ಬೇಕು. ಕೇಕ್ ಮಾಡಲು ತಂದಿಟ್ಟುಕೊಂಡಿದ್ದ ಪುಟ್ಟ ತಕ್ಕಡಿಯನ್ನು ನಡುಮನೆಗೆ ತಂದಿಟ್ಟು, "ಹಿಡಿ ಅಂದ್ರೆ ಎಷ್ಟು ಗ್ರಾಂ? ಒಬ್ಬೊಬ್ಬರಾಗಿ ಬನ್ನಿ" ಎಂದಳು. ಮೂವರೂ ಹುರಿಗಡಲೆ ಡಬ್ಬಿಗೆ ಕೈ ಹಾಕಿ ತಂದು ಸುರಿದರು. ಅಮ್ಮನದು 42 ಗ್ರಾಂ. ಚಿಕ್ಕತ್ತೆಯದು 38. ದೊಡ್ಡತ್ತೆಯದು 55, ಜೊತೆಗೆ ನೆಲಕ್ಕೆ ಚೆಲ್ಲಿದ್ದು ಬೇರೆ.

"ನಂದೇ ಸರಿ. ಅಮ್ಮಂದು ಎಂಥಾ ಕೈ ಅಂತೀಯ! ಕೆನ್ನೆಗೆ ಒಂದು ಬಿಟ್ರೆ ಇಡೀ ಮುಖ ಮುಚ್ಚೋದು" ಎಂದರು ದೊಡ್ಡತ್ತೆ. ಇದನ್ನು ಚಿಕ್ಕತ್ತೆಯೂ ಒಪ್ಪಿದರು. ನಾನೂ ಒಪ್ಪಿದೆ. ಅಜ್ಜಿಯ ಕೈತುತ್ತು ನನ್ನ ಬಾಯಿಗೆ ಹಿಡಿಸುತ್ತಲೇ ಇರಲಿಲ್ಲ.

ಅಮ್ಮ ಮಾತಾಡಲಿಲ್ಲ. ಎದ್ದು ಹೋಗಿ ಬೀರು ತೆಗೆದು, ಹಳೇ ರೇಷ್ಮೆ ರವಿಕೆ ತುಂಡಿನಲ್ಲಿ ಸುತ್ತಿದ್ದ ಕಡಗ ತಂದು ತಕ್ಕಡಿ ಪಕ್ಕ ಇಟ್ಟರು.

ದೊಡ್ಡತ್ತೆಗೆ ಅದು ಬೆರಳ ಗೆಣ್ಣನ್ನೂ ದಾಟಲಿಲ್ಲ. ಚಿಕ್ಕತ್ತೆ ಸೋಪು ಹಚ್ಚಿಕೊಂಡು ಬಂದರು, ಹೆಬ್ಬೆರಳ ಬುಡದಲ್ಲಿ ಸಿಕ್ಕಿಕೊಂಡಿತು, ಹೊರಗೆ ಎಳೆಯಲು ಕೊಬ್ಬರಿ ಎಣ್ಣೆ ಬೇಕಾಯಿತು. ಜಿಮ್‌ಗೆ ಹೋಗುವ ನನ್ನ ಮಗಳಿಗೂ ಆಗಲಿಲ್ಲ. ಕೊನೆಗೆ ನಾಲ್ಕನೇ ಕ್ಲಾಸಿನ ಹುಡುಗಿ, ದೊಡ್ಡತ್ತೆಯ ಮೊಮ್ಮಗಳು, ಕೈ ಚಾಚಿದಳು. ಕಡಗ ಸಲೀಸಾಗಿ ಜಾರಿ ಮಣಿಕಟ್ಟಿನಲ್ಲಿ ಕೂತಿತು.

"ಈಗ ಒಂದು ಹಿಡಿ ತಗೋ" ಎಂದಳು ಮಗಳು.

24 ಗ್ರಾಂ.

ಸ್ವಲ್ಪ ಹೊತ್ತು ಯಾರೂ ಬೇಳೆ ಹಿದುಕಲಿಲ್ಲ. ದೊಡ್ಡತ್ತೆ ತಮ್ಮ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಇಷ್ಟೇನಾ ಅಮ್ಮನ ಕೈ?" ಎಂದರು. ನನಗೂ ತಿಳಿಯಲಿಲ್ಲ. ಆ ಕೈಯಿಂದ ಏಟು ತಿಂದಾಗ, ತುತ್ತು ತಿಂದಾಗ ನಮ್ಮ ಮುಖ ಎಷ್ಟಿತ್ತೋ, ಬಾಯಿ ಎಷ್ಟಿತ್ತೋ.

ಮೌನ ಮುರಿದವರು ಅಮ್ಮ. "ಅದಕ್ಕೇ ಅವರು ಎರಡು ಸಲ ಹಾಕ್ತಿದ್ರು."

"ಎರಡಲ್ಲ ಅತ್ತಿಗೆ, ಒಂದೇ."

"ನೀನು ನೋಡಿದ್ಯಾ?"

"ನಾನು ಹುಟ್ಟಿದಾಗಿಂದ ನೋಡಿದೀನಿ!"

ಮಗಳು ತಕ್ಕಡಿ ಎತ್ತಿಟ್ಟಳು. ಬೇಳೆ ಮತ್ತೆ ಹಾರತೊಡಗಿತು. ಮೊದಲೆಲ್ಲ ಸಿಪ್ಪೆ ಹಸುವಿನ ಬಾನಿಗೆ ಹೋಗುತ್ತಿತ್ತು. ಈಗ ಬಕೆಟ್ಟು ತುಂಬಿಸಿ ಬೆಳಗ್ಗೆ ಹಸಿ ಕಸದ ಗಾಡಿಯವನಿಗೆ ಕೊಟ್ಟರೆ, ಅವನೂ ಒಮ್ಮೆ ಮೂಸಿ ನೋಡಿ, "ಸೊಗಡು ಚೆನ್ನಾಗೈತೆ" ಅಂದು ಹೋದ.

ಮಾರನೆಯ ದಿನ ಒಲೆಯ ಮೇಲೆ ಮೂರು ಪಾತ್ರೆಯಲ್ಲಿ ಮೂರು ಸಾರು ಕುದಿಯಿತು, ಮೂರೂ ಅಜ್ಜಿಯದೇ. ಎಳ್ಳುಬೆಲ್ಲ ಹಂಚಿ, ಪೂಜೆ ಮುಗಿಸಿ, ಮುದ್ದೆ ಕಟ್ಟಿ ಊಟಕ್ಕೆ ಕೂರುವಾಗ ಗಂಟೆ ಮೂರು. ದೊಡ್ಡತ್ತೆ ಅಮ್ಮನ ಸಾರನ್ನು ಎರಡು ಸಲ ಬಡಿಸಿಕೊಂಡರು, ರುಚಿ ನೋಡಲಿಕ್ಕಂತೆ. ಹುಡುಗಿಯ ಕೈಯಿಂದ ಕಡಗ ಬಿಚ್ಚುವುದು ಯಾರಿಗೂ ನೆನಪಾಗಿರಲಿಲ್ಲ. ಅವಳು ಮುದ್ದೆ ಮುರಿಯಲು ಕೈ ಇಳಿಸಿದಾಗ ಅದು ಸ್ಟೀಲ್ ತಟ್ಟೆಗೆ ತಾಗಿ ಠಣ್ ಎಂದಿತು. ಉಣ್ಣುತ್ತಿದ್ದ ಮೂವರು ಮುದುಕಿಯರೂ ಒಟ್ಟಿಗೇ ಅಡುಗೆಮನೆಯ ಕಡೆ ತಿರುಗಿ ನೋಡಿದರು.