ಬಚ್ಚಲೊಲೆಯ ಮುಂದೆ ಫಣಿಯಮ್ಮ

ಪುಸ್ತಕದೊಳಗಿದ್ದ ಚೀಟಿಯಲ್ಲಿ ಕೆಳಗಿನ ಮನೆ ಅತ್ತಿಗೆ ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದರು: ‘ಕೆಳಗಿಡಲು ಆಗಲಿಲ್ಲ. ನಿಮ್ಮ ಮನೆಯಲ್ಲಿ ಮಾತ್ರ ದೊಡ್ಡಜ್ಜಿಯ ಕಿವಿಗೆ ಬೀಳದ ಹಾಗೆ ಓದಿಕೊಳ್ಳಿ.’

1978ರ ಮಳೆಗಾಲ. ಪುನರ್ವಸು ಕಳೆದು ಪುಷ್ಯ ಹಿಡಿದಿತ್ತು. ನಮ್ಮೂರು ತೀರ್ಥಹಳ್ಳಿಯಿಂದ ಹತ್ತು ಮೈಲಿ ಒಳಗೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ನಮಗೆ ದೂರವಲ್ಲ. ಹಳ್ಳದ ಕಾಲುಸಂಕದ ಮೇಲೆ ನೀರು ಬಂದಿದ್ದರಿಂದ ನಾನು ಸ್ಕೂಲಿಗೆ ಹೋಗದೆ ಎಂಟು ದಿನವಾಗಿತ್ತು. ಕರೆಂಟು ಹೋದದ್ದಕ್ಕೆ ಲೆಕ್ಕವೇ ಇರಲಿಲ್ಲ. ಗಂಡಸರು ಮಳೆ ಹೊಳವಾದ ಗಳಿಗೆ ನೋಡಿ ಕೊಳೆರೋಗಕ್ಕೆ ಔಷಧಿ ಹೊಡೆಸಲು ತೋಟಕ್ಕೆ ಓಡುತ್ತಿದ್ದರು, ಉಳಿದ ಹೊತ್ತು ಜಗುಲಿಯಲ್ಲಿ ಕಂಬಳಿ ಹೊದ್ದು ಕೂತಿರುತ್ತಿದ್ದರು. ಹೆಂಗಸರಿಗೆ ಬೆಚ್ಚಗಿನ ಜಾಗವೆಂದರೆ ಬಚ್ಚಲುಮನೆ. ಹಂಡೆಯ ಕೆಳಗೆ ದಿನವಿಡೀ ಉರಿ. ಮೇಲೆ ಬಿದಿರಿನ ಗಳದಲ್ಲಿ ಒಣಗದ ಬಟ್ಟೆ. ಕೆಂಡದಲ್ಲಿ ಹಲಸಿನ ಬೀಜ.

ಆ ಬಚ್ಚಲೊಲೆಯ ಮುಂದೆಯೇ ನಮ್ಮ ಓದು. ನಾಲ್ಕು ಮನೆಗಳಿಗೆ ಒಂದೇ ಪುಸ್ತಕ. ಚಿಕ್ಕಪ್ಪ ಪೇಟೆಗೆ ಹೋದಾಗ ಅಲ್ಲಿನ ಗ್ರಂಥಾಲಯದಿಂದ ತಮ್ಮ ಹೆಸರಿಗೆ ಒಂದು ಕಾದಂಬರಿ ಬರೆಸಿಕೊಂಡು ಬರುತ್ತಿದ್ದರು. 15 ದಿನದ ವಾಯಿದೆ. ಮನೆಗೆ ನಾಲ್ಕು ದಿನದಂತೆ ಹಂಚಿದರೆ ಒಂದು ದಿನ ಹೆಚ್ಚಾಗುತ್ತದೆ, ಅಷ್ಟಕ್ಕೆ ಗ್ರಂಥಾಲಯದವರು ಏನೂ ಅನ್ನುತ್ತಿರಲಿಲ್ಲ. ಪುಸ್ತಕ ಮಳೆಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಅಡಿಕೆ ಹಾಳೆಯೊಳಗೆ ಮಡಚಿ, ಬಾಳೆಪಟ್ಟೆಯ ನಾರಿನಿಂದ ಕಟ್ಟಿ ಕಳಿಸುವುದು ಪದ್ಧತಿ. ಅದರೊಳಗೆ ಚೀಟಿ. ಗ್ರಂಥಾಲಯದ ಪುಸ್ತಕದ ಮೇಲೆ ಬರೆಯಬಾರದೆಂದು ಅಮ್ಮ ಮಾಡಿದ ಏರ್ಪಾಡು ಅದು. ಓದಿದವರು ಒಂದು ಸಾಲು ಬರೆಯಬೇಕು: ಓದಬಹುದೋ ಬಾರದೋ, ಯಾರಿಗೆ ಹಿಡಿಸೀತು. ತ್ರಿವೇಣಿಯವರ ‘ಶರಪಂಜರ’ದ ಜೊತೆ ಬಂದ ಚೀಟಿ ನನಗೆ ಈಗಲೂ ನೆನಪಿದೆ. ‘ಬಾಣಂತಿ ಇರುವ ಮನೆಯಲ್ಲಿ ಈಗ ಬೇಡ, ಆರು ತಿಂಗಳು ಕಳೆಯಲಿ’ ಎಂದು ಮೇಲಿನ ಮನೆ ಅತ್ತೆ ಬರೆದಿದ್ದರು. ಅದನ್ನು ಓದಿ ಅಮ್ಮ ಪುಸ್ತಕವನ್ನು ಚಿಕ್ಕಮ್ಮನ ಕೈಗೆ ಕೊಡದೆ ಮುಂದಿನ ಮನೆಗೆ ಕಳಿಸಿದಳು. ಚಿಕ್ಕಮ್ಮ ಆಗ ಎರಡು ತಿಂಗಳ ಬಾಣಂತಿ.

ಎಂ.ಕೆ. ಇಂದಿರಾ ಅಂದರೆ ನಮ್ಮ ಹೆಂಗಸರಿಗೆ ಬೇರೆಯೇ ಸಲಿಗೆ. ತೀರ್ಥಹಳ್ಳಿಯ ಕೂಸು. ಹನ್ನೆರಡಕ್ಕೇ ಮದುವೆಯಾಗಿ ಸ್ಕೂಲು ಬಿಟ್ಟವರು, ಮಕ್ಕಳು ಮರಿ ಎಲ್ಲ ಆಗಿ ನಲವತ್ತು ದಾಟಿದ ಮೇಲೆ 1963ರಲ್ಲಿ ‘ತುಂಗಭದ್ರ’ ಪ್ರಕಟಿಸಿದರು. ಚಿಕ್ಕಮ್ಮ ಅವರ ಪುಸ್ತಕ ಯಾರಿಗೆ ಕೊಡುವಾಗಲೂ ಈ ಮಾತು ಹೇಳಿಯೇ ಕೊಡುತ್ತಿದ್ದಳು. ಅವಳೂ ಏಳನೇ ಕ್ಲಾಸಿಗೆ ಬಿಟ್ಟವಳು. 1976ರಲ್ಲಿ ಬಂದ ‘ಫಣಿಯಮ್ಮ’ ನಮ್ಮ ಕೈಗೆ ಸಿಕ್ಕಲು ಎರಡು ವರ್ಷ ಹಿಡಿಯಿತು. ಚಿಕ್ಕಂದಿನಲ್ಲಿ ಮದುವೆಯಾಗಿ, ಹಾವು ಕಚ್ಚಿ ಗಂಡನನ್ನು ಕಳಕೊಂಡು, ತಲೆ ಬೋಳಿಸಿಕೊಂಡು, ನೂರು ದಾಟಿ ಬದುಕಿದ ಹೆಂಗಸಿನ ಕತೆ. ಇಂದಿರಾ ಅವರ ಮನೆತನದಲ್ಲೇ ಇದ್ದ ಮುದುಕಿ ಆಕೆ. ಇಂದಿರಾ ಅವರ ತಾಯಿಗೆ ಆಕೆಯೇ ಹೇಳಿಕೊಂಡ ಬದುಕು ಅದು.

ನಮ್ಮ ಮನೆಯ ದೊಡ್ಡಜ್ಜಿ ಅಜ್ಜನ ಅಕ್ಕ. ಒಂಬತ್ತಕ್ಕೆ ಮದುವೆ, ಅದೇ ವರ್ಷ ವೈಧವ್ಯ. ಗಂಡನ ಮನೆಯಲ್ಲಿ ಒಂದು ರಾತ್ರಿಯೂ ಕಳೆದವಳಲ್ಲ. ಕೆಂಪು ಸೀರೆ, ಬೋಳುತಲೆ, ಒಪ್ಪೊತ್ತಿನ ಊಟ. ಅವಳನ್ನು ಬೇರೆ ಥರ ನಾವು ಯಾರೂ ನೋಡಿರಲಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಎಂಬತ್ತರ ಹತ್ತಿರದ ಆ ಜೀವಕ್ಕೆ ಈ ಕತೆ ಕೇಳಿಸಿ ಯಾಕೆ ನೋಯಿಸುವುದು ಎಂಬುದು ಚೀಟಿಯ ಅರ್ಥ. ಅಮ್ಮನಿಗೂ ಅದೇ ಸರಿ ಅನ್ನಿಸಿತು.

ಮೊದಲ ರಾತ್ರಿ ದೊಡ್ಡಜ್ಜಿ ಅವಲಕ್ಕಿ ತಿಂದು ಮಲಗಲು ಹೋದ ಮೇಲೆ ನಾವು ಒಲೆಯ ಮುಂದೆ ಕೂತೆವು: ಅಮ್ಮ, ಚಿಕ್ಕಮ್ಮ, ಮೇಲಿನ ಮನೆ ಅತ್ತೆ. ಅತ್ತೆಯ ಸರದಿ ನಮ್ಮ ನಂತರದ್ದು, ಆದರೆ ಅವರಿಗೆ ಕಾಯುವ ತಾಳ್ಮೆ ಇರಲಿಲ್ಲ. ಓದುವವಳು ನಾನು, ಲಾಟೀನು ನನ್ನ ಪಕ್ಕ. ಹಂಚಿನ ಮೇಲೆ ಮಳೆ ಬಡಿಯುವಾಗ ಸಣ್ಣ ದನಿಯಲ್ಲಿ ಓದಿದರೆ ಯಾರಿಗೂ ಕೇಳುವುದಿಲ್ಲ. ಹಾಗಾಗಿ ದನಿ ಏರಿಸುತ್ತಾ ಹೋದೆ. ಎಷ್ಟು ಹೊತ್ತಾಗಿತ್ತೋ, ಹಾಳೆ ಮಗುಚಲು ನಿಲ್ಲಿಸಿದಾಗ ಬಾಗಿಲ ಕತ್ತಲಿಂದ ‘ಮುಂದೆ?’ ಅಂತ ಕೇಳಿಸಿತು.

ದೊಡ್ಡಜ್ಜಿ ಹೊಸ್ತಿಲ ಆಚೆ ಮಣೆ ಹಾಕಿಕೊಂಡು ಕೂತಿದ್ದಳು. ಮಡಿಲಲ್ಲಿ ಹತ್ತಿ. ಬತ್ತಿ ಹೊಸೆಯುತ್ತಿದ್ದಳು. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ. ಅಮ್ಮ ಗಾಬರಿಯಿಂದ ‘ಅತ್ತೆ, ಥಂಡಿ, ಮಲಗಿ’ ಅಂದಳು. ‘ಓದು ಕೂಸೆ’ ಅಂತ ಅವಳು ನನ್ನನ್ನು ನೋಡಿ ಹೇಳಿದಳು.

ಎರಡನೇ ರಾತ್ರಿ ತಲೆ ಬೋಳಿಸುವ ಭಾಗ ಬಂತು. ಮುಂಚೆಯೇ ಒಬ್ಬಳೇ ಓದಿಕೊಂಡಿದ್ದ ಅಮ್ಮ ನನಗೆ ಕಣ್ಣಲ್ಲೇ ಹೇಳಿದಳು. ನಾನು ಎರಡು ಹಾಳೆಯನ್ನು ಒಟ್ಟಿಗೆ ಮಗುಚಿ ಮುಂದಿನ ವಾಕ್ಯ ಹಿಡಿದೆ. ಕತೆ ಎಲ್ಲಿಯೂ ತಡವರಿಸದಂತೆ ಸೇರಿಸಿದ್ದೆ ಅಂತಲೇ ಅಂದುಕೊಂಡಿದ್ದೆ.

‘ಎರಡು ಹಾಳೆ ಒಟ್ಟಿಗೆ ಹೋಯಿತಲ್ಲ. ಹಿಂದಕ್ಕೆ ಬಾ.’

ಅಕ್ಷರ ಬಾರದವಳು ಹಾಳೆಯ ಸದ್ದು ಕೇಳಿಸಿಕೊಂಡಿದ್ದಳು. ನಾನು ಹಿಂದಕ್ಕೆ ಹೋಗಿ ಓದಿದೆ. ಗಂಟಲು ಕಟ್ಟಿತು, ನಿಲ್ಲಿಸಲಿಲ್ಲ. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ದೊಡ್ಡಜ್ಜಿ ಅಳಲಿಲ್ಲ. ಓದಿ ಮುಗಿದ ಮೇಲೆ ಬತ್ತಿಯನ್ನು ಪಕ್ಕಕ್ಕಿಟ್ಟು, ತೀರಾ ಮಾಮೂಲಿ ದನಿಯಲ್ಲಿ ಹೇಳಿದಳು: ‘ನನಗೆ ಹನ್ನೆರಡು ಆಗ. ಕ್ಷೌರದವನು ತೋಟದ ದಾರಿಯಿಂದ ಬಂದ, ಯಾರೂ ನೋಡಬಾರದು ಅಂತ. ಕೂದಲು ಇಲ್ಲಿಯ ತನಕ ಇತ್ತು.’ ಕೈಯಿಂದ ಸೊಂಟ ತೋರಿಸಿದಳು. ‘ಅದನ್ನು ಹೊಳೆಗೆ ಬಿಟ್ಟರು ಅಂತ ಆಮೇಲೆ ಹೇಳಿದರು. ಅದನ್ನು ದನ ತಿಂದಿರಬಹುದು ಅಂತ ನಾನು ಬಹಳ ದಿನ ಹೆದರಿದ್ದೆ.’

ಅತ್ತೆ ಮೆಲ್ಲಗೆ ಕೇಳಿದರು, ‘ಅವರ ನೆನಪು ಉಂಟಾ ದೊಡ್ಡಮ್ಮ, ನಿಮ್ಮ ಯಜಮಾನರದ್ದು?’

‘ಮುಖ ನೆನಪಿಲ್ಲ. ಧಾರೆಯ ಹೊತ್ತಿಗೆ ಕೈಗೆ ಕೊಟ್ಟ ತೆಂಗಿನಕಾಯಿ ಭಾರ ಇತ್ತು. ಬೀಳಿಸಿದರೆ ಬೈತಾರೆ ಅಂತ ಅದನ್ನೇ ನೋಡುತ್ತಾ ಇದ್ದೆ. ಕಾಯಿಯ ಜುಟ್ಟು ನೆನಪಿದೆ.’

ಅಮ್ಮ ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಒಂದೇ ಒಲೆಯ ಮುಂದೆ ಇಪ್ಪತ್ತು ಮಳೆಗಾಲ. ಈ ಮಾತುಗಳಲ್ಲಿ ಒಂದನ್ನೂ ಅವಳು ಕೇಳಿರಲಿಲ್ಲ. ಕೇಳಬಾರದೆಂದು ಯಾರೂ ಹೇಳಿರಲಿಲ್ಲ, ಕೇಳಲು ದಾರಿ ಇರಲಿಲ್ಲ ಅಷ್ಟೆ. ನಾವು ನಾಲ್ಕು ಮನೆಯ ಹೆಂಗಸರು ಪ್ರೀತಿಯಿಂದಲೇ ಆ ಪುಸ್ತಕವನ್ನು ಅವಳಿಂದ ಮುಚ್ಚಿಡಲು ನೋಡಿದೆವು. ಅದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅವಳ ನೋವಿಗಿಂತ, ಅದನ್ನು ಎದುರಿಗೆ ಕೂತು ಕೇಳಬೇಕಲ್ಲ ಎಂಬ ನಮ್ಮ ಅಳುಕೇ ಅದರಲ್ಲಿ ಹೆಚ್ಚಿತ್ತು.

ಮೂರನೇ ರಾತ್ರಿ ದೊಡ್ಡಜ್ಜಿ ಹೊಸ್ತಿಲ ಈಚೆ ಬಂದು ಕೂತಳು. ಹೆರಿಗೆಯಾಗದೆ ಒದ್ದಾಡುವ ಹೊಲೆಯರ ಹೆಂಗಸಿನ ಬಳಿಗೆ ಫಣಿಯಮ್ಮ ಹೋಗಿ, ತನ್ನ ಸಣ್ಣ ಕೈಯಿಂದ ಮಗುವನ್ನು ಈಚೆಗೆ ತರುವ ಭಾಗ ಅವತ್ತಿನದು. ಮಡಿ ಹೆಂಗಸು ಆ ಕೇರಿಯ ಹೆರಿಗೆಗೆ! ಅತ್ತೆ ಒಪ್ಪಲಿಲ್ಲ. ‘ಕತೆಗೆ ಚೆಂದ ಅಂತ ಬರೆದದ್ದು. ಆ ಕಾಲದಲ್ಲಿ ಹೋಗಲು ಸಾಧ್ಯವೇ?’ ಅಂದರು. ಚಿಕ್ಕಮ್ಮ ಸಾಧ್ಯ ಅಂತ ವಾದಿಸಿದಳು. ಇಬ್ಬರದೂ ಜೋರಾಯಿತು. ನಾನು ಪುಸ್ತಕದ ನಡುವೆ ಬೆರಳಿಟ್ಟುಕೊಂಡು ಕಾದೆ. ಅಷ್ಟು ಹುರುಪಿನ ಚರ್ಚೆಯನ್ನು ಆಮೇಲೆ ಕಾಲೇಜಿನಲ್ಲೂ ನಾನು ಹೆಚ್ಚು ಕೇಳಿಲ್ಲ.

ದೊಡ್ಡಜ್ಜಿ ಒಲೆಗೆ ಒಂದು ಕುಂಟೆ ನೂಕಿ ಅಂದಳು, ‘ಹೋಗಿರುತ್ತಾಳೆ. ಬಂದು ನೀರು ಮಿಂದರೆ ಆಯಿತು. ಯಾರಿಗೆ ಗೊತ್ತಾಗುತ್ತದೆ?’

ಮೂವರೂ ಅವಳ ಕೈ ನೋಡಿದರು. ನೀವು ಹೋಗಿದ್ದಿರಾ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಈಗ ಕೇಳೋಣವೆಂದರೆ ಅವಳೂ ಇಲ್ಲ, ಆ ಮೂವರೂ ಇಲ್ಲ.

ಪ್ರೇಮಾ ಕಾರಂತರು ಈ ಕಾದಂಬರಿಯನ್ನು ಸಿನಿಮಾ ಮಾಡಿದ್ದನ್ನು ನಾನು ನೋಡಿದ್ದು ಬಹಳ ವರ್ಷದ ಮೇಲೆ. ತೇಜಸ್ವಿನಿ ನಿರಂಜನ ಕಾದಂಬರಿಯನ್ನು ಇಂಗ್ಲಿಷಿಗೆ ತಂದಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಸೊಸೆ ಅದನ್ನೇ ಓದಿ ನನ್ನ ಹತ್ತಿರ ಮಾತಾಡಲು ಬಂದಳು. ಅವಳ ಮೊದಲ ಪ್ರಶ್ನೆ, ‘ಅಮ್ಮ, ಆ ಹೆರಿಗೆ ನಿಜವಾಗಿ ನಡೆದಿರಬಹುದಾ?’ ನಾನು ದೊಡ್ಡಜ್ಜಿಯ ಉತ್ತರವನ್ನೇ ಹೇಳಿದೆ.

ನಾಲ್ಕನೇ ರಾತ್ರಿ ದಾಕ್ಷಾಯಣಿಯ ಸರದಿ. ಗಂಡ ಸತ್ತ ಹುಡುಗಿ, ತಲೆ ಕೊಡುವುದಿಲ್ಲ ಎಂದು ಹಟ ಹಿಡಿಯುತ್ತಾಳೆ. ಮನೆಮಂದಿ ತಿರುಗಿ ಬೀಳುವಾಗ ಫಣಿಯಮ್ಮ ಹುಡುಗಿಯ ಪರ ನಿಲ್ಲುತ್ತಾಳೆ. ಅಲ್ಲಿಗೆ ಬಂದಾಗ ದೊಡ್ಡಜ್ಜಿಯ ಕೈ ನಿಂತಿತು. ಹತ್ತಿ ಮಡಿಲಲ್ಲೇ ಉಳಿಯಿತು. ‘ಅದನ್ನು ಇನ್ನೊಂದು ಸಲ ಓದು’ ಅಂದಳು. ಓದಿದೆ. ‘ಇನ್ನೊಂದು ಸಲ.’ ಮೂರನೇ ಸಲ ಓದುವಾಗ ಅವಳ ತುಟಿ ನನ್ನ ಜೊತೆಗೇ ಆಡುತ್ತಿತ್ತು.

ಕತೆ ಮುಗಿದಾಗ ಲಾಟೀನಿನ ಎಣ್ಣೆಯೂ ಮುಗಿಯುತ್ತಾ ಬಂದಿತ್ತು. ಅಮ್ಮ ಚೀಟಿ ತೆಗೆದು ನನ್ನ ಕೈಗೆ ಪೆನ್ಸಿಲು ಕೊಟ್ಟಳು. ನಮ್ಮ ಮನೆಯ ಸಾಲು ಏನು ಬರೆಯುವುದು ಅಂತ ಚಿಕ್ಕಮ್ಮ ಯೋಚಿಸುತ್ತಿದ್ದಾಗ ದೊಡ್ಡಜ್ಜಿ ಚೀಟಿ ಏನೆಂದು ಕೇಳಿದಳು. ನಾನು ಮುಚ್ಚುಮರೆಯಿಲ್ಲದೆ ಹೇಳಿದೆ, ಕೆಳಗಿನ ಮನೆ ಅತ್ತಿಗೆ ಬರೆದದ್ದನ್ನೂ ಓದಿದೆ. ಅವಳು ಸ್ವಲ್ಪ ಹೊತ್ತು ಉರಿ ನೋಡುತ್ತಾ ಕೂತಳು.

‘ಅದನ್ನು ಹೊಡೆದು ಹಾಕು. ನಾನು ಹೇಳಿದ್ದು ಬರಿ. ಎಲ್ಲ ಮನೆಯಲ್ಲೂ ದೊಡ್ಡದಾಗಿ ಓದಿ. ಗಂಡಸರೂ ಕೂತು ಕೇಳಲಿ.’

ಬರೆದೆ. ಕೆಳಗೆ ಏನು ಹಾಕಲಿ ಅಂದೆ. ದೊಡ್ಡಜ್ಜಿ ಅಂತ ಸಾಕಿತ್ತು. ಅವಳು ತನ್ನ ಹೆಸರು ಹೇಳಿದಳು. ಆ ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅಮ್ಮನೂ ಅಷ್ಟೆ.

ಮಾರನೆಯ ದಿನ ಪುಸ್ತಕ ಅತ್ತೆಯ ಮನೆಗೆ ಹೋಗಬೇಕಿತ್ತು. ಹಾಳೆ ಮಡಚಿ ಜಗುಲಿಯಲ್ಲಿಟ್ಟಿದ್ದೆವು. ಚಿಕ್ಕಪ್ಪ ನಾರು ಬಿಚ್ಚಿ ಪುಸ್ತಕ ತೆಗೆದರು, ಚೀಟಿ ಓದಿದರು, ಯಾರನ್ನೂ ಏನೂ ಕೇಳಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪನನ್ನೂ ಮೇಲಿನ ಮನೆ ಮಾವನನ್ನೂ ಕೂರಿಸಿಕೊಂಡು, ಮೊದಲನೇ ಪುಟದಿಂದ ತಾವೇ ಓದಲು ಶುರು ಮಾಡಿದರು. ದೊಡ್ಡಜ್ಜಿ ನಡುಮನೆಯ ಬಾಗಿಲಲ್ಲಿ ಕೂತು ಮತ್ತೊಮ್ಮೆ ಪೂರ್ತಿ ಕೇಳಿದಳು. ಒಂದು ವಾರ ಹಿಡಿಯಿತು. ಉಳಿದ ಎರಡು ಮನೆಗಳಲ್ಲೂ ಹಾಗೇ ಆಯಿತು.

ಪುಸ್ತಕ ಪೇಟೆಗೆ ವಾಪಸ್ ಹೋಗುವಾಗ ವಾಯಿದೆ ದಾಟಿ ಮೂರು ವಾರ ಕಳೆದಿತ್ತು. ಚಿಕ್ಕಪ್ಪ ದಂಡ ಕಟ್ಟಿ, ಅದೇ ಪುಸ್ತಕವನ್ನು ಮತ್ತೆ ತಮ್ಮ ಹೆಸರಿಗೆ ಬರೆಸಿಕೊಂಡು ಬಂದರು.