ಹಗೇವು ಎಲ್ಲಿ ಹೋಯ್ತು?

ನಮ್ಮ ಸೋದರಮಾವ ಖಾನಾಪುರದಲ್ಲಿದ್ದಾರೆ. ನಿವೃತ್ತ ಕನ್ನಡ ಮಾಸ್ತರು. ಮೂವತ್ತೈದು ವರ್ಷ ಅವರಿಗಿದ್ದದ್ದು ಒಂದೇ ಚಟ... ಹಳ್ಳಿ ಮಂದಿಯ ಬಾಯಲ್ಲಿ ಹೊಸ ಶಬ್ದ ಕೇಳಿದರೆ ಸಾಕು, ಜೇಬಿನಿಂದ ಚೀಟಿ ತೆಗೆದು ಬರೆದುಕೊಳ್ಳೋದು. ಒಂದು ಚೀಟಿಗೆ ಒಂದೇ ಶಬ್ದ. ಚೀಟಿಗಳೆಲ್ಲ ಬಿಸ್ಕೀಟ್ ಡಬ್ಬಿಗಳಲ್ಲಿ, ಮುಚ್ಚಳದ ಮೇಲೆ ಊರಿನ ಹೆಸರು: ಬೀಡಿ, ಇಟಗಿ, ಪಾರಿಶ್ವಾಡ, ನಂದಗಡ.

ಖಾನಾಪುರದ ಮಳೆ ಗೊತ್ತಲ್ಲ. ಚೀಟಿಗಳಿಗೆ ಬೂಸ್ಟು ಹಿಡಿಯತೊಡಗಿದಾಗ ಮನೆಯಲ್ಲಿ ಇಂಜಿನಿಯರ್ ಅನ್ನಿಸಿಕೊಂಡವನು ನಾನೊಬ್ಬನೇ. ಎರಡು ವರ್ಷ, ಭಾನುವಾರ ಬಂತೆಂದರೆ ಬೆಳಗಾವಿಯಿಂದ ಬಸ್ಸು ಹತ್ತುತ್ತಿದ್ದೆ. ಮಾಮಾ ಓದೋದು, ನಾನು ಟೈಪಿಸೋದು. ಒಂದು ಶಬ್ದಕ್ಕೆ ಒಂದು ಫೈಲು. ಶಬ್ದವೇ ಫೈಲಿನ ಹೆಸರು, ಪಕ್ಕದಲ್ಲೊಂದು ಕ್ರಮಸಂಖ್ಯೆ. ಕೊನೆಗೆ 24 ಸಾವಿರ ಚಿಲ್ಲರೆ ಫೈಲುಗಳಾದವು. ಎಲ್ಲಾ ಒಂದೇ ಫೋಲ್ಡರಿನಲ್ಲಿ! (ನಗಬೇಡಿ.)

ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಇದಕ್ಕೆ ಒಂದಿಷ್ಟೂ ಗೊಣಗಲಿಲ್ಲ. ಅದರ ಎಕ್ಸ್ಟ್4 ಹೆಸರುಗಳನ್ನು ಹ್ಯಾಶ್ ಮಾಡಿ ಮರದಂತೆ ಜೋಡಿಸಿಟ್ಟಿರುತ್ತದೆ, ಕೇಳಿದ ಫೈಲು ಎರಡು ಮೂರು ಹೆಜ್ಜೆಗೇ ಸಿಗುತ್ತದೆ. ಒಂದು ರಾತ್ರಿ ಟಿಳಕವಾಡಿಯ ರೂಮಿನಲ್ಲಿ ಕೂತು ಎಲ್ಲವನ್ನೂ ಮಾಮಾನ ಪೆನ್ ಡ್ರೈವಿಗೆ ಹಾಕಲು ಪುಟ್ಟ ಸ್ಕ್ರಿಪ್ಟ್ ಬರೆದೆ. ಎರರ್ ಮೆಸೇಜುಗಳು ಕಿರಿಕಿರಿ ಅಂತ ಅವನ್ನು ಡೆವ್‌ನಲ್‌ಗೆ ತಳ್ಳಿ ಮಲಗಿಬಿಟ್ಟೆ. ಒಟ್ಟು 7 ಎಂಬಿ ಅಕ್ಷರ, 32 ಜಿಬಿ ಡ್ರೈವು, ಏನಾದೀತು?

ಮುಂದಿನ ಭಾನುವಾರ ಮಾಮಾ ತಮ್ಮ ಕಂಪ್ಯೂಟರಿನಲ್ಲಿ ಫೋಲ್ಡರ್ ತೆಗೆದರು. ಅದು ತೆರೆದುಕೊಳ್ಳುವಷ್ಟರಲ್ಲಿ ಮಾಮಿ ಚಹಾ ತಂದಿಟ್ಟಾಗಿತ್ತು.

"ತಮ್ಮಾ, ಹಗೇವು ಎಲ್ಲೈತೋ?"

ಹುಡುಕಿದೆ. ಇರಲಿಲ್ಲ. "ಹಂತಿ ನೋಡು." ಅದೂ ಇಲ್ಲ. ಸೊಲಗಿ ಇತ್ತು. 'ಸ'ದ ತನಕ ಎಲ್ಲಾ ಇತ್ತು, 'ಹ' ಮಾತ್ರ ಇಡಿಯಾಗಿ ಮಾಯ.

ಆಗಿದ್ದಿಷ್ಟು. ಪೆನ್ ಡ್ರೈವಿನದು ಫ್ಯಾಟ್32. ಅದರಲ್ಲಿ ಒಂದು ಫೋಲ್ಡರಿನ ಪಟ್ಟಿ 2 ಎಂಬಿ ದಾಟುವಂತಿಲ್ಲ; ಅಂದರೆ 32 ಬೈಟಿನ 65,536 ಸಾಲುಗಳು. ಫೈಲಿಗೊಂದೇ ಸಾಲು ಸಾಕಾಗುವುದು 'ABC.TXT' ತರಹದ ಗಿಡ್ಡ ಇಂಗ್ಲಿಷ್ ಹೆಸರಿಗೆ. ಕನ್ನಡದ ಹೆಸರು ಎಷ್ಟೇ ಗಿಡ್ಡವಿದ್ದರೂ 'ಉದ್ದ ಹೆಸರು' ಎಂಬ ಲೆಕ್ಕಕ್ಕೇ ಹೋಗುತ್ತದೆ, 13 ಸಂಕೇತಗಳಿಗೊಂದರಂತೆ ಹೆಚ್ಚಿನ ಸಾಲು ಬೇಕು. 'ಹಗೇವು' ಕಣ್ಣಿಗೆ ಮೂರಕ್ಷರ, ಯೂನಿಕೋಡಿಗೆ ಐದು. ಕ್ರಮಸಂಖ್ಯೆ, ಬಾಲ ಎಲ್ಲ ಸೇರಿ ಹದಿನೈದಾಗುತ್ತದೆ. ಹೀಗೆ ಫೈಲಿಗೆ ಮೂರು ಸಾಲು ಹಿಡಿದರೆ 21,845ಕ್ಕೆ ಪಟ್ಟಿ ಭರ್ತಿ. ಆಮೇಲೆ ಬಂದದ್ದಕ್ಕೆಲ್ಲ "ಜಾಗವಿಲ್ಲ". ಡ್ರೈವು ಮಾತ್ರ ಹೆಚ್ಚುಕಮ್ಮಿ ಖಾಲಿ! ನೀವೂ ಫೈಲಿಗೆ ಕನ್ನಡದಲ್ಲೇ ಹೆಸರಿಡುವವರಾದರೆ ಇದು ತಲೆಯಲ್ಲಿರಲಿ.

ನಿಧಾನಕ್ಕೂ ಕಾರಣ ಅಲ್ಲೇ ಇದೆ. ಫ್ಯಾಟ್‌ನಲ್ಲಿ ಮರ ಗಿರ ಏನೂ ಇಲ್ಲ. ಹೊಸ ಫೈಲು ಸೇರಿಸುವಾಗ ಆ ಹೆಸರು ಮೊದಲೇ ಇದೆಯೋ ಅಂತ ಪಟ್ಟಿಯನ್ನು ತಲೆಯಿಂದ ಬಾಲದವರೆಗೆ ಓದಬೇಕು, ಪಟ್ಟಿ ಬೆಳೆದಷ್ಟೂ ಓದು ಬೆಳೆಯುತ್ತದೆ. ಜೊತೆಗೆ, ಮುನ್ನೂರು ಬೈಟಿನ ಚೀಟಿಯೂ ಆ ಡ್ರೈವಿನಲ್ಲಿ 16 ಕೆಬಿಯ ಒಂದಿಡೀ ಕೋಣೆ ಹಿಡಿಯುತ್ತಿತ್ತು. ಅದೇ 7 ಎಂಬಿಯನ್ನು ಒಂದು ಜಿಪ್ ಮಾಡಿದ್ದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತಿತ್ತು.

ಲ್ಯಾಪ್‌ಟಾಪಿನಲ್ಲಿ 'ಹ' ಕ್ಷೇಮವಾಗಿತ್ತು, ಅದನ್ನು ತಂದುಕೊಟ್ಟೆ. ಆದರೆ ಮಾಮಾ ಇನ್ನೊಂದು ಪ್ರಶ್ನೆ ಕೇಳಿದರು.

"ಇದು ಯಾವ ಊರಿಂದೋ?"

ಉತ್ತರ ಇರಲಿಲ್ಲ. ಚೀಟಿಯ ಮೇಲೆ ಊರು ಬರೆದಿರಲಿಲ್ಲ, ಅದನ್ನು ಹೇಳುತ್ತಿದ್ದದ್ದು ಡಬ್ಬಿ. ಟೈಪಿಸಿದ ಚೀಟಿಗಳನ್ನು ನಾನು ಜಾಣನಂತೆ ಅಕಾರಾದಿಯಾಗಿ ಕಲೆಸಿ ಕಟ್ಟಿ ಅಟ್ಟಕ್ಕೇರಿಸಿದ್ದೆ. ದಿನಾ ಆಫೀಸಿನಲ್ಲಿ ಬಳಸುವ ಗಿಟ್ ಕೂಡ ತನ್ನ ಸಣ್ಣ ಫೈಲುಗಳನ್ನು 256 ಉಪಫೋಲ್ಡರುಗಳಲ್ಲಿ ಹಂಚಿಡುತ್ತದೆ. ಮಾಮಾನ ಡಬ್ಬಿಗಳು ಮಾಡುತ್ತಿದ್ದದ್ದು ಅದನ್ನೇ, ಜೊತೆಗೆ ಊರನ್ನೂ ಕಾಯುತ್ತಿದ್ದವು. ಹಂಚಿಟ್ಟದ್ದನ್ನು ಒಂದೇ ರಾಶಿ ಮಾಡಿದವನು ನಾನು. ಮಾಮಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಮತ್ತೆ ಭಾನುವಾರದ ಬಸ್ಸು. ನಾನು ಶಬ್ದ ಓದುತ್ತೇನೆ, ಅವರು ಕಣ್ಣು ಮುಚ್ಚಿ ಊರು ಹೇಳುತ್ತಾರೆ. ಅವರಿಗೆ ಎಪ್ಪತ್ತೆಂಟು. ಮೊನ್ನೆಗೆ 'ಕ' ಮುಗಿಯಿತು. ತಡೆಯಲಾಗದೆ 'ಹಗೇವು' ಮಾತ್ರ ಮೊದಲೇ ಕೇಳಿಬಿಟ್ಟೆ.

"ಇಟಗಿ" ಅಂದರು. ಚಹಾ ಕುಡಿದು ಮುಗಿದ ಮೇಲೆ, "ಅಲ್ಲೋ, ಬೀಡಿ ಇರಬೇಕು ನೋಡು" ಅಂದರು.

ಎರಡೂ ಫೋಲ್ಡರಿನಲ್ಲಿ ಹಾಕಿದ್ದೇನೆ.