ದಂಪತಿಗಳ ನಡುವೆ ಕುಳಿತು ಕೇಳುವ ವಿದ್ಯೆ

ಶಿಡ್ಲಘಟ್ಟದ ಕಡೆಯ ನಮ್ಮ ಬಂಧುಗಳ ಮನೆಯ ಹೆಣ್ಣುಮಗಳೊಬ್ಬಳು ದಂಪತಿಗಳ ಮನೋಚಿಕಿತ್ಸೆಯನ್ನೇ ತನ್ನ ವೃತ್ತಿಯನ್ನಾಗಿ ಕೈಕೊಳ್ಳಲು ನಿಶ್ಚಯಿಸಿರುವಳು. ಮನೆಯ ಹಿರಿಯರಿಗೆ ಇದು ರುಚಿಸಿಲ್ಲ. ಮದುವೆಯಾಗದ ಹುಡುಗಿಯು ಪರರ ಸಂಸಾರದ ಸಿಕ್ಕನ್ನು ಬಿಡಿಸುವುದೆಂತು, ಬುದ್ಧಿ ಹೇಳಲು ಊರಿನಲ್ಲಿ ದೊಡ್ಡವರಿಲ್ಲವೆ, ಅದಕ್ಕಾಗಿ ಇಷ್ಟು ವರ್ಷಗಳ ಓದೇಕೆ ಎಂಬುದು ಅವರ ಆಕ್ಷೇಪಣೆ. ನಮ್ಮ ಅಭಿಪ್ರಾಯವನ್ನು ಕೇಳಿರುವರಾದ್ದರಿಂದ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತೇವೆ.

ಹಿರಿಯರ ಪಂಚಾಯತಿಯನ್ನು ನಾವು ಹಳಿಯುವವರಲ್ಲ. ಚಿಂತಾಮಣಿ, ಗೌರಿಬಿದನೂರು ಸೀಮೆಗಳಲ್ಲಿ ಅದರಿಂದ ಉಳಿದ ಮನೆಗಳುಂಟು. ಆದರೆ ಪಂಚಾಯತಿಯು ಕೇಳುವ ಮೊದಲ ಪ್ರಶ್ನೆ ‘ತಪ್ಪು ಯಾರದು?’ ಎಂಬುದು. ತೀರ್ಪಾದ ಮೇಲೆ ಸೋತವರು, ಅದು ಬಹುಮಟ್ಟಿಗೆ ಹೆಂಡತಿಯೇ, ತಲೆ ತಗ್ಗಿಸಿಕೊಂಡು ಮನೆಗೆ ಹಿಂದಿರುಗಬೇಕು. ಗೂಡನ್ನು ಬೇಯಿಸಿ ಎಳೆಯ ತುದಿಯನ್ನು ಹುಡುಕದೆ ಎಳೆದರೆ ನೂಲು ಬಾರದೆಂಬುದು ನಮ್ಮ ಬಿಚ್ಚಣಿಕೆಯವರಿಗೆಲ್ಲ ಗೊತ್ತಷ್ಟೆ.

ಲಂಡನ್ ನಗರದಲ್ಲಿ ೧೯೪೮ರಲ್ಲಿ, ಯುದ್ಧದಿಂದ ಕದಡಿದ ಸಂಸಾರಗಳಿಗೆ ನೆರವಾಗಲೆಂದು ಒಂದು ಸಂಸ್ಥೆ ಹುಟ್ಟಿತು. ಮುಂದೆ ಎನಿಡ್ ಬಾಲಿಂಟ್ ಎಂದು ಹೆಸರಾದ ಮಹಿಳೆ ಅದರ ಮೂಲಕರ್ತರು. ಅಲ್ಲಿ ಗಂಡನ ಮಾತನ್ನು ಒಬ್ಬರೂ ಹೆಂಡತಿಯ ಮಾತನ್ನು ಇನ್ನೊಬ್ಬರೂ ಕೇಳಿ, ಬಳಿಕ ಕೂಡಿ ಚರ್ಚಿಸುವ ಪದ್ಧತಿ ಬೆಳೆಯಿತು. ಆಗ ಒಂದು ವಿಚಿತ್ರ ಕಂಡುಬಂದಿತು. ದಂಪತಿಗಳ ಕಲಹವು ಚಿಕಿತ್ಸಕರಿಬ್ಬರಿಗೂ ಅಂಟಿ, ಅವರಲ್ಲಿ ಒಬ್ಬರು ಗಂಡನಂತೆ ಮೌನವಾಗುವುದು, ಇನ್ನೊಬ್ಬರು ಹೆಂಡತಿಯಂತೆ ಸಿಡಿಯುವುದು! ಈ ಪ್ರತಿಬಿಂಬವನ್ನೇ ಕುರಿತು ಜೇನೆಟ್ ಮ್ಯಾಟಿನ್ಸನ್ ಎಂಬುವರು ೧೯೭೫ರಲ್ಲಿ ಗ್ರಂಥವೊಂದನ್ನು ಬರೆದರು. ನಾಚಿಕೆಗೀಡಾಗುವ ಬದಲು ಅದನ್ನು ಗುರುಗಳ ಮುಂದೆ ಬಿಚ್ಚಿಟ್ಟು ಓದಿಕೊಳ್ಳುವುದೇ ಈ ಶಿಕ್ಷಣದ ತಿರುಳು. ಅದಕ್ಕಾಗಿಯೇ ಮನೋವಿಶ್ಲೇಷಣೆಯನ್ನು ಕಲಿಯುವವರು ಮೊದಲು ತಮ್ಮ ಮನಸ್ಸನ್ನೇ ಮತ್ತೊಬ್ಬರ ಪರೀಕ್ಷೆಗೆ ಒಡ್ಡಬೇಕೆಂಬ ನಿಯಮವಿರುವುದು. ಹಾಗೆ ಮಾಡದವರು, ನಲವತ್ತು ವರ್ಷ ಸಂಸಾರ ಮಾಡಿದವರಾದರೂ, ಎದುರಿಗೆ ಕುಳಿತ ಪ್ರತಿಯೊಬ್ಬ ಗಂಡನಲ್ಲಿಯೂ ತಮ್ಮ ಗಂಡನನ್ನೇ ಕಂಡಾರು. ಮದುವೆಯ ಆಕ್ಷೇಪಣೆಗೆ ಇದೇ ನಮ್ಮ ಉತ್ತರ.

ಹೊಡೆತ ಬಡಿತವಿರುವ ಮನೆಯಲ್ಲಾದರೋ ಮೊದಲು ರಕ್ಷಣೆ, ಮಾತೆಲ್ಲ ಅನಂತರ.

ಈ ಶಾಸ್ತ್ರವು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ; ಗಿರೀಂದ್ರಶೇಖರ ಬೋಸರು ಕಲ್ಕತ್ತೆಯಲ್ಲಿ ೧೯೨೨ರಷ್ಟು ಹಿಂದೆಯೇ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಹತ್ತಿರದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಲ್ಲಿ ಕುಟುಂಬ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವುಂಟು. ದಾಂಪತ್ಯದ ಮನೋವಿಶ್ಲೇಷಣೆಯಲ್ಲಿ ಪಳಗಬೇಕಾದರೆ ಅಲ್ಲಿಯ ಪದವಿಯ ಮೇಲೆಯೂ ಹಲವು ವರ್ಷಗಳ ಅಭ್ಯಾಸ ಬೇಕು.

ಆದರೂ ನಮ್ಮವಳೇ ಕಲಿತು ಬರಲೆಂದು ನಾವು ಹೇಳುವುದಕ್ಕೆ ಬೇರೊಂದು ಕಾರಣವಿದೆ. ನಮ್ಮ ಸೀಮೆಯ ದಂಪತಿಗಳು ಸಂತೆಯಲ್ಲಿ ಕನ್ನಡವನ್ನಾಡಿ ಕೋಪದಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವವರು. ಆ ಮಾತಿನ ಮೊನೆ ದೂರದಿಂದ ಬಂದವರಿಗೆ ತಿಳಿಯದು. ಹುಳು ನಾಲ್ಕನೆಯ ಜ್ವರವೆದ್ದು ಸೊಪ್ಪಿಗೆ ಬಾಯಿ ಬಿಟ್ಟಿರುವಾಗ ಗಂಡಹೆಂಡಿರಿಬ್ಬರೂ ವಾರಕ್ಕೊಮ್ಮೆ ಗೊತ್ತಾದ ಗಂಟೆಗೆ ಬೆಂಗಳೂರಿಗೆ ಹೋಗುವುದಾಗಲಿ ಸಾಧ್ಯವೆ?

ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿಸಿರೆಂದು ಅವಳ ತಂದೆಯವರಿಗೆ ಕಾಗದ ಬರೆದಿದ್ದೇವೆ. ಅವರು ಒಪ್ಪಿರುವರಂತೆ, ಅಜ್ಜಿಯವರು ಇನ್ನೂ ಒಪ್ಪಿಲ್ಲ.